ಕೊಂಡಿ ಕೊಟ್ಟ ಮೇಲೆ ಹೇಳಿ ಕಳಿಸುವುದು: ಟ್ರ್ಯಾಕ್‌ಬ್ಯಾಕ್ ಬಳಸುವ ಕ್ರಮ

ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳು ಎರಡು. "ಇನ್ನೊಬ್ಬರ ಬರಹಕ್ಕೆ ಕೊಂಡಿ ಕೊಟ್ಟು ಲೇಖನ ಬರೆದೆ, ಅದು ಅವರಿಗೆ ಗೊತ್ತಾಗುವುದು ಹೇಗೆ?" ಎಂಬುದು ಮೊದಲನೆಯದು. "ನನ್ನ ಬರಹದ ಪ್ರತಿಕ್ರಿಯೆಗಳ ನಡುವೆ ಚೌಕ ಆವರಣ, ಮೂರು ಚುಕ್ಕಿ, ಅರ್ಧ ವಾಕ್ಯ ಬಂದು ಕುಳಿತಿದೆ. ಇದನ್ನು ಇಟ್ಟುಕೊಳ್ಳಬೇಕೆ, ಅಳಿಸಬೇಕೆ?" ಎಂಬುದು ಎರಡನೆಯದು. ಎರಡೂ ಒಂದೇ ವ್ಯವಸ್ಥೆಯ ಎರಡು ತುದಿಗಳು. ಒಂದು ತುದಿಯಲ್ಲಿ ಹೇಳಿ ಕಳಿಸುವವರು, ಇನ್ನೊಂದು ತುದಿಯಲ್ಲಿ ಹೇಳಿ ಕಳಿಸಿದ್ದನ್ನು ಬರಮಾಡಿಕೊಳ್ಳುವವರು. ಈ ಲೇಖನದಲ್ಲಿ ಎರಡೂ ತುದಿಗಳ ಕೆಲಸವನ್ನು ಹಂತ ಹಂತವಾಗಿ ವಿವರಿಸಿದ್ದೇನೆ.

ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ತಮ್ಮದೇ ಅಂಗಳದಲ್ಲಿ ನಿಧಾನವಾಗಿ ಯೋಚಿಸಿ ಉತ್ತರ ಬರೆಯುವುದು, ಆ ಉತ್ತರದ ಸುಳಿವು ಮೂಲ ಬರಹದ ಕೆಳಗೇ ಸಿಗುವುದು, ಓದುಗರು ಅದನ್ನು ಹಿಡಿದು ಮುಂದಿನ ಮನೆಗೆ ನಡೆದುಹೋಗುವುದು: ಬ್ಲಾಗುಗಳ ನಡುವಿನ ಮಾತುಕತೆ ಬೆಳೆದದ್ದು ಹೀಗೆ. ಈ ರೂಢಿ ಮತ್ತೆ ಬಲಗೊಳ್ಳಬೇಕು ಎಂಬುದು ನನ್ನ ಗಟ್ಟಿಯಾದ ಆಸೆ. ಅದಕ್ಕೆ ಬೇಕಾದ ತಾಂತ್ರಿಕ ಜ್ಞಾನ ಬಹಳ ಕಡಿಮೆ.

ಮೊದಲು ಮೂರು ಪದಗಳು

ಟ್ರ್ಯಾಕ್‌ಬ್ಯಾಕ್, ಪಿಂಗ್‌ಬ್ಯಾಕ್, ವೆಬ್‌ಮೆನ್ಷನ್. ಮೂರನ್ನೂ ಒಂದೇ ಎಂದುಕೊಂಡರೆ ಮುಂದಿನ ಹಂತಗಳಲ್ಲಿ ಎಡವುತ್ತೀರಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಟ್ರ್ಯಾಕ್‌ಬ್ಯಾಕ್ ಹುಟ್ಟಿದ್ದು 2002ರಲ್ಲಿ, ಮೂವಬಲ್ ಟೈಪ್ ಎಂಬ ಬ್ಲಾಗಿಂಗ್ ತಂತ್ರಾಂಶದಲ್ಲಿ. ಅದನ್ನು ರೂಪಿಸಿದ ಸಂಸ್ಥೆ ಸಿಕ್ಸ್ ಅಪಾರ್ಟ್. ಇದರ ಕೆಲಸ ಸರಳ. ಪ್ರತಿಯೊಂದು ಬರಹಕ್ಕೂ ಓದುವ ವಿಳಾಸದ ಜೊತೆಗೆ ಇನ್ನೊಂದು ವಿಳಾಸ ಇರುತ್ತದೆ. ಅದೇ ಟ್ರ್ಯಾಕ್‌ಬ್ಯಾಕ್ ವಿಳಾಸ. ನೀವು ಆ ವಿಳಾಸಕ್ಕೆ ನಾಲ್ಕು ಸಂಗತಿಗಳನ್ನು ಕಳಿಸುತ್ತೀರಿ: ನಿಮ್ಮ ಬರಹದ ತಲೆಬರಹ, ಅದರ ಪುಟ್ಟ ಸಾರಾಂಶ, ನಿಮ್ಮ ಬರಹದ ವಿಳಾಸ ಮತ್ತು ನಿಮ್ಮ ಬ್ಲಾಗಿನ ಹೆಸರು. ನಾಲ್ಕರಲ್ಲಿ ಕಡ್ಡಾಯವಾದದ್ದು ಬರಹದ ವಿಳಾಸ ಮಾತ್ರ. ಆ ಕಡೆಯ ಸರ್ವರ್ ಸೊನ್ನೆ ಎಂದು ಉತ್ತರಿಸಿದರೆ ಸೂಚನೆ ಸ್ವೀಕೃತವಾಗಿದೆ ಎಂದರ್ಥ. ಒಂದು ಎಂದರೆ ದೋಷ, ಜೊತೆಗೆ ಕಾರಣವನ್ನು ಹೇಳುವ ಒಂದು ಸಾಲು.

ಇದರಲ್ಲಿ ಒಂದು ದೊಡ್ಡ ಕೊರತೆ ಇದೆ. ನೀವು ನಿಜವಾಗಿಯೂ ಅವರಿಗೆ ಕೊಂಡಿ ಕೊಟ್ಟಿದ್ದೀರಾ ಎಂದು ಯಾರೂ ನೋಡುವುದಿಲ್ಲ. ಹೇಳಿ ಕಳಿಸಿದ ಮಾತನ್ನೇ ನಂಬಲಾಗುತ್ತದೆ. ಸ್ಪ್ಯಾಮ್ ಕಳಿಸುವವರಿಗೆ ಇಷ್ಟು ಸಾಕಾಯಿತು.

ಪಿಂಗ್‌ಬ್ಯಾಕ್ ಅದೇ 2002ರಲ್ಲಿ ಬಂದ ಇನ್ನೊಂದು ದಾರಿ. ಇದನ್ನು ರೂಪಿಸಿದವರು ಸ್ಟುವರ್ಟ್ ಲ್ಯಾಂಗ್ರಿಜ್ ಮತ್ತು ಇಯಾನ್ ಹಿಕ್ಸನ್. ಇಲ್ಲಿ ಹೋಗುವುದು ಎರಡೇ ವಿಳಾಸ: ಎಲ್ಲಿಂದ ಕೊಂಡಿ ಕೊಟ್ಟಿದೆ, ಎಲ್ಲಿಗೆ ಕೊಟ್ಟಿದೆ. ಸೂಚನೆ ಪಡೆದ ಸರ್ವರ್ ತಾನೇ ನಿಮ್ಮ ಪುಟಕ್ಕೆ ಬಂದು ಕೊಂಡಿ ಇದೆಯೇ ಎಂದು ಹುಡುಕುತ್ತದೆ. ಇದ್ದರೆ ಅದರ ಆಚೀಚೆಯ ಒಂದಿಷ್ಟು ಪದಗಳನ್ನು ತೆಗೆದುಕೊಂಡು ಹೋಗಿ ಪ್ರತಿಕ್ರಿಯೆಗಳ ಜೊತೆ ಇಡುತ್ತದೆ. ಆ ಚೌಕ ಆವರಣ, ಚುಕ್ಕಿಗಳ ಅರ್ಧ ವಾಕ್ಯ ಇದೇ. ವರ್ಡ್‌ಪ್ರೆಸ್ ಬಳಸುವವರು ಟ್ರ್ಯಾಕ್‌ಬ್ಯಾಕ್ ಎಂದು ಕರೆಯುವುದರಲ್ಲಿ ಬಹುಪಾಲು ವಾಸ್ತವವಾಗಿ ಪಿಂಗ್‌ಬ್ಯಾಕ್.

ವೆಬ್‌ಮೆನ್ಷನ್ ಮೂರನೆಯದು, ವಯಸ್ಸಿನಲ್ಲಿ ಚಿಕ್ಕದು. ವೆಬ್‌ನ ಮಾನದಂಡಗಳನ್ನು ನಿಗದಿಪಡಿಸುವ ಡಬ್ಲ್ಯು3ಸಿ ಇದನ್ನು 2017ರ ಜನವರಿಯಲ್ಲಿ ಅಧಿಕೃತ ಶಿಫಾರಸಾಗಿ ಪ್ರಕಟಿಸಿತು. ಪಿಂಗ್‌ಬ್ಯಾಕ್‌ನಂತೆಯೇ ಎರಡು ವಿಳಾಸ ಕಳಿಸಿ ತಾಳೆ ನೋಡುವ ಕ್ರಮ, ಆದರೆ ಕಳಿಸುವ ವಿಧಾನ ಟ್ರ್ಯಾಕ್‌ಬ್ಯಾಕ್‌ನಷ್ಟು ಹಗುರ. ಹೊಸದಾಗಿ ತಾಣ ಕಟ್ಟುತ್ತಿರುವವರು ಇದನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ.

ಬೇಕಾದದ್ದು

ನಿಮ್ಮದೇ ಬ್ಲಾಗು, ಅದರ ಸೆಟ್ಟಿಂಗ್ಸ್ ಬದಲಾಯಿಸುವ ಅಧಿಕಾರ, ಪ್ರಕಟವಾಗಿ ಎಲ್ಲರಿಗೂ ತೆರೆದಿರುವ ಒಂದು ಬರಹ. ಇಷ್ಟೇ. ಕೆಳಗಿನ ಹಂತಗಳನ್ನು ವರ್ಡ್‌ಪ್ರೆಸ್ ಇಟ್ಟುಕೊಂಡು ವಿವರಿಸಿದ್ದೇನೆ, ಏಕೆಂದರೆ ಪ್ರಶ್ನೆ ಕೇಳುವ ಹೆಚ್ಚಿನವರು ಅದನ್ನೇ ಬಳಸುತ್ತಾರೆ. ಬೇರೆ ತಾಣದವರು ಏಳನೆಯ ಹಂತಕ್ಕೆ ಹೋಗಬಹುದು. ಆದರೆ ಎರಡನೆಯ ಹಂತವನ್ನು ಯಾರೂ ಬಿಡಬೇಡಿ.

ಹಂತ 1: ಬಾಗಿಲು ತೆರೆದಿದೆಯೇ ನೋಡಿ

ವರ್ಡ್‌ಪ್ರೆಸ್‌ನ ನಿರ್ವಹಣಾ ಪುಟದಲ್ಲಿ ಸೆಟ್ಟಿಂಗ್ಸ್ ಪಟ್ಟಿಯಿಂದ ಡಿಸ್ಕಷನ್ ಪುಟ ತೆರೆಯಿರಿ. ಮೇಲ್ಗಡೆಯೇ ಎರಡು ಆಯ್ಕೆಗಳಿವೆ. ಬರಹದಲ್ಲಿ ಕೊಂಡಿ ಕೊಟ್ಟ ಬ್ಲಾಗುಗಳಿಗೆ ಸೂಚನೆ ಕಳಿಸಲು ಪ್ರಯತ್ನಿಸು ಎಂಬುದು ಒಂದು. ಇದು ಕಳಿಸುವ ಬಾಗಿಲು. ಹೊಸ ಬರಹಗಳಿಗೆ ಇತರ ಬ್ಲಾಗುಗಳಿಂದ ಸೂಚನೆ ಬರಲು ಬಿಡು ಎಂಬುದು ಇನ್ನೊಂದು. ಇದು ಬರಮಾಡಿಕೊಳ್ಳುವ ಬಾಗಿಲು. ಎರಡಕ್ಕೂ ಗುರುತು ಹಾಕಿ ಉಳಿಸಿ.

ಇಲ್ಲಿ ಬಹಳ ಜನ ತಪ್ಪುವ ಜಾಗ ಒಂದಿದೆ. ಎರಡನೆಯ ಆಯ್ಕೆ ಅನ್ವಯಿಸುವುದು ಇನ್ನು ಮುಂದೆ ಬರೆಯುವ ಲೇಖನಗಳಿಗೆ ಮಾತ್ರ. ಹಳೆಯ ಬರಹಗಳು ಆಗ ಹೇಗಿದ್ದವೋ ಹಾಗೆಯೇ ಉಳಿಯುತ್ತವೆ. ಒಂದೆರಡು ಬರಹವಾದರೆ ಅದನ್ನು ತೆರೆದು ಬದಿಯ ಪಟ್ಟಿಯಲ್ಲಿರುವ ಡಿಸ್ಕಷನ್ ಭಾಗದಲ್ಲಿ ಬದಲಾಯಿಸಿ. ನೂರಾರು ಇದ್ದರೆ ಬರಹಗಳ ಪಟ್ಟಿಗೆ ಹೋಗಿ, ಎಲ್ಲವನ್ನೂ ಆಯ್ದು, ಬಲ್ಕ್ ಎಡಿಟ್‌ನಲ್ಲಿ ಪಿಂಗ್ಸ್ (ಪಿಂಗ್ ಎಂದರೆ ಇಂಥ ಒಂದು ಸೂಚನೆ) ಎಂಬ ಆಯ್ಕೆಯನ್ನು ಒಟ್ಟಿಗೇ ಬದಲಾಯಿಸಿ. ಸ್ಕ್ರೀನ್ ಆಪ್ಷನ್ಸ್‌ನಲ್ಲಿ ಪುಟಕ್ಕೆ ಎಷ್ಟು ಬರಹ ಕಾಣಬೇಕು ಎಂಬುದನ್ನು ಹೆಚ್ಚಿಸಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ.

ಹಂತ 2: ಕೊಂಡಿಯನ್ನು ಸರಿಯಾಗಿ ಕೊಡಿ

ಸೂಚನೆ ತಲುಪಲಿಲ್ಲ ಎಂದು ಬರೆದವರ ಬರಹಗಳನ್ನು ತೆರೆದು ನೋಡಿದಾಗ ಹೆಚ್ಚಿನ ಸಲ ದೋಷ ಸಿಕ್ಕಿದ್ದು ಸೆಟ್ಟಿಂಗ್ಸ್‌ನಲ್ಲಿ ಅಲ್ಲವೇ ಅಲ್ಲ, ಕೊಂಡಿಯಲ್ಲಿ. ಆದ್ದರಿಂದ ಈ ಹಂತವನ್ನು ನಿಧಾನವಾಗಿ ಓದಿ.

ಕೊಂಡಿ ಆ ನಿರ್ದಿಷ್ಟ ಬರಹಕ್ಕೇ ಹೋಗಬೇಕು. ಬ್ಲಾಗಿನ ಮುಖಪುಟಕ್ಕೆ ಕೊಂಡಿ ಕೊಟ್ಟರೆ ವರ್ಡ್‌ಪ್ರೆಸ್ ಪಿಂಗ್ ಕಳಿಸುವುದೇ ಇಲ್ಲ. ಯಾವ ಬರಹದ ಕೆಳಗೆ ಇಡಬೇಕು ಎಂಬುದು ಅದಕ್ಕೆ ತಿಳಿಯುವುದಾದರೂ ಹೇಗೆ?

ವಿಳಾಸವನ್ನು ಬ್ರೌಸರ್‌ನ ವಿಳಾಸಪಟ್ಟಿಯಿಂದ ನೇರವಾಗಿ ನಕಲು ಮಾಡಿ. ಚುಟುಕು ವಿಳಾಸ ಮಾಡಿಕೊಡುವ ಸೇವೆಗಳ ಕೊಂಡಿ ಬಳಸಬೇಡಿ. ಆ ಕಡೆಯ ಸರ್ವರ್ ನಿಮ್ಮ ಪುಟಕ್ಕೆ ಬಂದು ತನ್ನದೇ ವಿಳಾಸವನ್ನು ಹುಡುಕುತ್ತದೆ. ಅಲ್ಲಿ ಚುಟುಕು ವಿಳಾಸ ಕಂಡರೆ ಅದು ತನ್ನದೆಂದು ಗುರುತಿಸದೆ ಮರಳಿಹೋಗುತ್ತದೆ. ಸಾಮಾಜಿಕ ಜಾಲತಾಣಗಳಿಂದ ನಕಲು ಮಾಡಿದ ವಿಳಾಸದ ಬಾಲದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಉದ್ದನೆಯ ಜಾಡುಹಿಡಿಯುವ ಅಕ್ಷರಗಳು ಅಂಟಿಕೊಂಡಿರುತ್ತವೆ, ಅವನ್ನೂ ಕತ್ತರಿಸಿ. ಆದರೆ ಕತ್ತರಿಸಿದ ವಿಳಾಸ ಅದೇ ಬರಹವನ್ನು ತೆರೆಯುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ, ಏಕೆಂದರೆ ಕೆಲವು ತಾಣಗಳು ಬರಹದ ಸಂಖ್ಯೆಯನ್ನೇ ಪ್ರಶ್ನಾರ್ಥಕ ಚಿಹ್ನೆಯ ಆಚೆ ಇಟ್ಟಿರುತ್ತವೆ.

ಕೊಂಡಿ ಪುಟದ ಎಚ್‌ಟಿಎಂಎಲ್‌ನಲ್ಲೇ ಇರಬೇಕು. ಪುಟ ತೆರೆದ ಮೇಲೆ ಜಾವಾಸ್ಕ್ರಿಪ್ಟ್ ತಂದು ಸೇರಿಸುವ ಕೊಂಡಿ ಮನುಷ್ಯರಿಗೆ ಕಾಣುತ್ತದೆ, ತಾಳೆ ನೋಡಲು ಬಂದ ಸರ್ವರ್‌ಗೆ ಕಾಣುವುದಿಲ್ಲ. ಲಾಗಿನ್ ಆದವರಿಗೆ ಮಾತ್ರ ತೆರೆಯುವ ಬರಹದ ಗತಿಯೂ ಇದೇ.

ಇನ್ನೊಂದು ಸಂಗತಿ ಕನ್ನಡದಲ್ಲಿ ಬರೆಯುವ ನಮಗೆ ವಿಶೇಷವಾಗಿ ತೊಡಕಾಗುತ್ತದೆ. ತಲೆಬರಹ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಬರಹದ ವಿಳಾಸವನ್ನೂ ಕನ್ನಡದಲ್ಲೇ ಕಟ್ಟುತ್ತದೆ. ಬ್ರೌಸರ್ ಅದನ್ನು ಅಂದವಾಗಿ ಕನ್ನಡದಲ್ಲಿ ತೋರಿಸಿದರೂ ಒಳಗೆ ಅದು ಶೇಕಡಾ ಚಿಹ್ನೆಗಳ ಸಾಲಾಗಿ ಸಂಚರಿಸುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8 ಕ್ರಮದಲ್ಲಿ 3 ಬೈಟ್ ಬೇಕು. ವಿಳಾಸದಲ್ಲಿ ಪ್ರತಿ ಬೈಟ್ 3 ಅಕ್ಷರವಾಗುತ್ತದೆ. ಅಂದರೆ ಒಂದು ಸಂಕೇತಕ್ಕೆ 9 ಅಕ್ಷರ. ನಾವು ಒಂದೇ ಅಕ್ಷರವೆಂದು ಎಣಿಸುವ 'ಸ್ತ್ರೀ' ಯೂನಿಕೋಡ್‌ನಲ್ಲಿ 6 ಸಂಕೇತ, ವಿಳಾಸದಲ್ಲಿ 54 ಅಕ್ಷರ! ವರ್ಡ್‌ಪ್ರೆಸ್ ಬರಹದ ಹೆಸರಿನ ಭಾಗಕ್ಕೆ ಇಟ್ಟಿರುವ ಮಿತಿ 200 ಅಕ್ಷರ. ಆದ್ದರಿಂದ ಕನ್ನಡದ 22 ಸಂಕೇತಗಳಾಗುವಷ್ಟರಲ್ಲಿ ವಿಳಾಸ ನಡುವೆಯೇ ತುಂಡಾಗುತ್ತದೆ. ಒಂದೇ ಬಗೆಯ ಪದಗಳಿಂದ ಶುರುವಾಗುವ ಎರಡು ಬರಹಗಳ ವಿಳಾಸಗಳು ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತವೆ.

ಇದಕ್ಕೆ ನನ್ನ ಸಲಹೆ ಇಷ್ಟು. ಪ್ರಕಟಿಸುವ ಮೊದಲೇ ಬರಹದ ವಿಳಾಸದ ಭಾಗವನ್ನು, ಅಂದರೆ ಸ್ಲಗ್ ಎಂದು ಕರೆಯುವುದನ್ನು, ಎರಡು ಮೂರು ಪದಗಳಿಗೆ ಇಳಿಸಿ. ಕನ್ನಡದಲ್ಲೇ ಇರಲಿ ಎಂದರೆ ಇರಲಿ, ನನಗೂ ಅದೇ ಇಷ್ಟ, ಚಿಕ್ಕದಾಗಿರಲಿ. ಬೇರೆಯವರ ಕನ್ನಡ ವಿಳಾಸಕ್ಕೆ ಕೊಂಡಿ ಕೊಡುವಾಗ ಅದನ್ನು ಕೈಯಿಂದ ಟೈಪ್ ಮಾಡಲೇಬೇಡಿ. ಕಣ್ಣಿಗೆ ಒಂದೇ ಆಗಿ ಕಾಣುವ ಪದದಲ್ಲಿ ಕಾಣದ ಜೋಡಣಾ ಸಂಕೇತ ಒಂದು ಹೆಚ್ಚು ಕಡಿಮೆಯಾದರೂ ವಿಳಾಸ ಬೇರೆಯಾಗುತ್ತದೆ.

ಕೊನೆಯದಾಗಿ, ಕೊಂಡಿ ಇಡುವ ವಾಕ್ಯ. 'ಇಲ್ಲಿ ಓದಿ' ಎಂಬ ಪದಗಳ ಮೇಲೆ ಕೊಂಡಿ ಕೊಟ್ಟರೆ ಆ ಕಡೆ ಕಾಣುವ ಅರ್ಧ ವಾಕ್ಯದಲ್ಲಿ ಏನೂ ಅರ್ಥವಿರುವುದಿಲ್ಲ. ಪಿಂಗ್‌ಬ್ಯಾಕ್ ಒಯ್ಯುವುದು ಕೊಂಡಿಯ ಎರಡೂ ಬದಿಯ ಸ್ವಲ್ಪವೇ ಪಠ್ಯವನ್ನು. ನಿಮ್ಮ ಒಪ್ಪಿಗೆ, ಭಿನ್ನಾಭಿಪ್ರಾಯ, ತಿದ್ದುಪಡಿ ಏನಿದೆಯೋ ಅದು ಕೊಂಡಿಯ ಪಕ್ಕದಲ್ಲೇ ಇರಲಿ. 'ಮಳೆ ಅಳೆಯುವ ಕ್ರಮದ ಬಗ್ಗೆ ಅವರು ಬರೆದ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ' ಎಂದು ಬರೆದು 'ಅವರು ಬರೆದ ಲೆಕ್ಕ' ಎಂಬುದಕ್ಕೆ ಕೊಂಡಿ ಕೊಟ್ಟರೆ ಆ ಕಡೆಯವರಿಗೆ ನಿಮ್ಮ ಬರಹ ತೆರೆಯುವ ಮುನ್ನವೇ ವಿಷಯ ತಿಳಿಯುತ್ತದೆ.

ಹಂತ 3: ಪ್ರಕಟಿಸಿ, ಸ್ವಲ್ಪ ಕಾಯಿರಿ

ಪ್ರಕಟಿಸು ಗುಂಡಿ ಒತ್ತಿದರೆ ಪಿಂಗ್‌ಬ್ಯಾಕ್ ತಾನಾಗಿಯೇ ಹೋಗುತ್ತದೆ. ಕೊಂಡಿ ಕೊಡಲು ಮರೆತಿದ್ದರೆ ಬರಹವನ್ನು ತಿದ್ದಿ ಮತ್ತೆ ಉಳಿಸಿದಾಗಲೂ ಹೊಸ ಕೊಂಡಿಗಳಿಗೆ ಸೂಚನೆ ಹೋಗುತ್ತದೆ. ಒಮ್ಮೆ ಕಳಿಸಿದ ವಿಳಾಸಕ್ಕೆ ಎರಡನೆಯ ಸಲ ಕಳಿಸುವುದಿಲ್ಲ.

ಸೂಚನೆ ಆ ಕ್ಷಣವೇ ಹೊರಡುವುದಿಲ್ಲ. ವರ್ಡ್‌ಪ್ರೆಸ್ ಇಂಥ ಕೆಲಸಗಳನ್ನು ಕ್ರಾನ್ ಎಂಬ ಸಮಯಪಾಲಕನಿಗೆ ಒಪ್ಪಿಸುತ್ತದೆ. ತಾಣದ ವೇಗಕ್ಕಾಗಿ ಯಾರಾದರೂ ಈ ಕ್ರಾನನ್ನು ನಿಲ್ಲಿಸಿ, ಬದಲಿಗೆ ಸರ್ವರ್‌ನ ಕ್ರಾನ್ ಜೋಡಿಸಲು ಮರೆತಿದ್ದರೆ ಪಿಂಗ್‌ಗಳು ಸರತಿಯಲ್ಲೇ ಉಳಿಯುತ್ತವೆ. ಸಮಯ ನಿಗದಿಪಡಿಸಿದ ಬರಹಗಳೂ ಹೊತ್ತಿಗೆ ಸರಿಯಾಗಿ ಪ್ರಕಟವಾಗುತ್ತಿಲ್ಲ ಎಂದಾದರೆ ಅನುಮಾನವನ್ನು ಇಲ್ಲಿಂದಲೇ ಶುರು ಮಾಡಿ.

ಹಂತ 4: ಬೇಕಾದರೆ ಕೈಯಾರೆ ಟ್ರ್ಯಾಕ್‌ಬ್ಯಾಕ್ ಕಳಿಸಿ

ಆ ಕಡೆಯ ಬ್ಲಾಗು ಪಿಂಗ್‌ಬ್ಯಾಕ್ ಒಪ್ಪದೆ ಟ್ರ್ಯಾಕ್‌ಬ್ಯಾಕ್ ಮಾತ್ರ ಒಪ್ಪುವುದಾದರೆ ಈ ಹಂತ. ಬರಹದ ಕೆಳಗೆ ಟ್ರ್ಯಾಕ್‌ಬ್ಯಾಕ್ ವಿಳಾಸವನ್ನು ಸಾಮಾನ್ಯವಾಗಿ ಬರೆದಿರುತ್ತಾರೆ. ಅದು ವರ್ಡ್‌ಪ್ರೆಸ್ ಬ್ಲಾಗಾಗಿದ್ದರೆ, ವಿಳಾಸಗಳು ಹೆಸರಿನ ರೂಪದಲ್ಲಿದ್ದರೆ, ಬರಹದ ವಿಳಾಸದ ತುದಿಗೆ ಓರೆಗೆರೆ ಎಳೆದು ಟ್ರ್ಯಾಕ್‌ಬ್ಯಾಕ್ ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಸೇರಿಸಿದರೆ ಅದೇ ಟ್ರ್ಯಾಕ್‌ಬ್ಯಾಕ್ ವಿಳಾಸ.

ಕಳಿಸುವ ಪೆಟ್ಟಿಗೆ ಇರುವುದು ಹಳೆಯ ಸಂಪಾದನಾ ಪುಟದಲ್ಲಿ. 2018ರ ಡಿಸೆಂಬರ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.0 ಆವೃತ್ತಿಯಿಂದ ಬ್ಲಾಕ್ ಎಡಿಟರ್ ಮುಖ್ಯವಾಯಿತು. ಅದರಲ್ಲಿ ಈ ಪೆಟ್ಟಿಗೆ ಇಲ್ಲ. ಕ್ಲಾಸಿಕ್ ಎಡಿಟರ್ ಎಂಬ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಹಾಕಿಕೊಂಡು, ಬರಹ ತೆರೆದು, ಮೇಲಿನ ಸ್ಕ್ರೀನ್ ಆಪ್ಷನ್ಸ್‌ನಲ್ಲಿ ಸೆಂಡ್ ಟ್ರ್ಯಾಕ್‌ಬ್ಯಾಕ್ಸ್ ಎಂಬುದಕ್ಕೆ ಗುರುತು ಹಾಕಿದರೆ ಪೆಟ್ಟಿಗೆ ಕಾಣುತ್ತದೆ. ವಿಳಾಸ ಹಾಕಿ, ಒಂದಕ್ಕಿಂತ ಹೆಚ್ಚಿದ್ದರೆ ನಡುವೆ ಖಾಲಿ ಜಾಗ ಬಿಡಿ, ನಂತರ ಬರಹವನ್ನು ಪ್ರಕಟಿಸಿ. ಎಕ್ಸರ್ಪ್ಟ್ ಪೆಟ್ಟಿಗೆಯಲ್ಲಿ ನೀವೇ ಎರಡು ವಾಕ್ಯದ ಸಾರಾಂಶ ಬರೆದಿಡಿ. ಬರೆಯದಿದ್ದರೆ ಲೇಖನದ ಆರಂಭದ ಸಾಲುಗಳೇ ಹೋಗುತ್ತವೆ. ವರ್ಡ್‌ಪ್ರೆಸ್ ಸ್ವೀಕರಿಸುವಾಗ ಸಾರಾಂಶವನ್ನು ಸುಮಾರು 250 ಅಕ್ಷರಗಳಿಗೆ ಕತ್ತರಿಸುತ್ತದೆ. ಒತ್ತು, ಕೊಂಬು, ದೀರ್ಘ ಎಲ್ಲವೂ ಲೆಕ್ಕಕ್ಕೆ ಬರುವುದರಿಂದ ಕನ್ನಡದಲ್ಲಿ ನಿಮಗೆ ಸಿಗುವುದು ಇನ್ನೂ ಕಡಿಮೆ.

ತೀರಾ ಹಳೆಯ ತಂತ್ರಾಂಶಗಳಿಗೆ ಕಳಿಸಿದಾಗ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣಿಸಬಹುದು. ಟ್ರ್ಯಾಕ್‌ಬ್ಯಾಕ್ ಜೊತೆಗೆ ಅಕ್ಷರಕ್ರಮ ಯಾವುದೆಂದು ಹೇಳದೇ ಹೋದರೆ ಪಡೆಯುವ ಸರ್ವರ್ ಊಹೆ ಮಾಡುತ್ತದೆ, ಊಹೆ ತಪ್ಪುತ್ತದೆ. ನೀವೇ ಪ್ರೋಗ್ರಾಂ ಬರೆದು ಕಳಿಸುವುದಾದರೆ ಅಕ್ಷರಕ್ರಮ ಯುಟಿಎಫ್-8 ಎಂದು ಸ್ಪಷ್ಟವಾಗಿ ತಿಳಿಸಿ.

ಮತ್ತು ದಯವಿಟ್ಟು, ಕೊಂಡಿ ಕೊಡದೆ ಟ್ರ್ಯಾಕ್‌ಬ್ಯಾಕ್ ಕಳಿಸಬೇಡಿ. ಒಂದೇ ವಿಷಯದ ಬಗ್ಗೆ ಬರೆದಿದ್ದೇವೆ ಎಂಬ ಕಾರಣಕ್ಕೆ ಹತ್ತು ಬ್ಲಾಗುಗಳಿಗೆ ಕಳಿಸುವುದು ತಾಂತ್ರಿಕವಾಗಿ ಸಾಧ್ಯ. ಅವರ ಓದುಗರು ನಿಮ್ಮಲ್ಲಿಗೆ ಬಂದು, ಅವರ ಬರಹದ ಪ್ರಸ್ತಾಪವೇ ಇಲ್ಲದ ಪುಟ ನೋಡಿ ಮರಳುತ್ತಾರೆ. ಆ ಬ್ಲಾಗಿಗರು ನಿಮ್ಮ ಮುಂದಿನ ಸೂಚನೆಯನ್ನು ತೆರೆದೂ ನೋಡುವುದಿಲ್ಲ.

ಹಂತ 5: ತಲುಪಲಿಲ್ಲವೇ? ಕಾರಣ ಹುಡುಕಿ

ಮೊದಲ ಕಾರಣ ಅತಿ ಸಾಮಾನ್ಯ, ಅದಕ್ಕೆ ನೀವು ಮಾಡಬೇಕಾದ್ದು ಏನೂ ಇಲ್ಲ: ಸೂಚನೆ ತಲುಪಿದೆ, ಆ ಬ್ಲಾಗಿಗರು ಇನ್ನೂ ಮಂಜೂರು ಮಾಡಿಲ್ಲ. ಕೆಲವು ದಿನ ಬಿಡಿ.

ಎರಡನೆಯದು, ಅವರು ಬಾಗಿಲು ಮುಚ್ಚಿದ್ದಾರೆ. ಅವರ ಬರಹವನ್ನು ಬ್ರೌಸರ್‌ನಲ್ಲಿ ತೆರೆದು ಪುಟದ ಮೂಲ ಸಂಕೇತವನ್ನು ನೋಡಿ, ಅದರಲ್ಲಿ ಪಿಂಗ್‌ಬ್ಯಾಕ್ ಎಂಬ ಇಂಗ್ಲಿಷ್ ಪದವನ್ನು ಹುಡುಕಿ. ಸಿಗದಿದ್ದರೆ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಭಾಗ ತೆರೆದು ಪುಟವನ್ನು ಮತ್ತೆ ಲೋಡ್ ಮಾಡಿ, ಮೊದಲ ಸಾಲಿನ ಹೆಡರ್‌ಗಳಲ್ಲಿ ಎಕ್ಸ್-ಪಿಂಗ್‌ಬ್ಯಾಕ್ ಇದೆಯೇ ನೋಡಿ. ಹೆಡರ್ ಎಂದರೆ ಪುಟಕ್ಕೂ ಮೊದಲು ಸರ್ವರ್ ಕಳಿಸುವ ಮಾಹಿತಿ ಸಾಲುಗಳು. ಎರಡೂ ಕಡೆ ಇಲ್ಲವೆಂದರೆ ಅವರು ಪಿಂಗ್‌ಬ್ಯಾಕ್ ಪಡೆಯುತ್ತಿಲ್ಲ. ಅವರ ಆಯ್ಕೆಯನ್ನು ಗೌರವಿಸಿ, ಹೇಳಲೇಬೇಕಾದ ಮಾತಿದ್ದರೆ ಪ್ರತಿಕ್ರಿಯೆಯಲ್ಲಿ ಬರೆಯಿರಿ.

ಮೂರನೆಯದು ದೋಷ ಸಂಖ್ಯೆಗಳು. ನಿಮ್ಮ ಸರ್ವರ್‌ನ ದಾಖಲೆಯಲ್ಲೋ ಯಾವುದಾದರೂ ಪರೀಕ್ಷಾ ಸಾಧನದಲ್ಲೋ ಇವು ಕಾಣಿಸಿದರೆ ಅರ್ಥ ಹೀಗೆ. 16 ಎಂದರೆ ನಿಮ್ಮ ಬರಹದ ವಿಳಾಸವೇ ಸಿಗಲಿಲ್ಲ. 17 ಎಂದರೆ ನಿಮ್ಮ ಪುಟ ಸಿಕ್ಕಿತು, ಅದರಲ್ಲಿ ಕೊಂಡಿ ಸಿಗಲಿಲ್ಲ. ಎರಡನೆಯ ಹಂತಕ್ಕೆ ಮರಳಿ. 32 ಎಂದರೆ ಅವರ ಬರಹ ಆ ವಿಳಾಸದಲ್ಲಿಲ್ಲ. 33 ಎಂದರೆ ಆ ವಿಳಾಸ ಪಿಂಗ್ ಪಡೆಯುವಂಥದ್ದಲ್ಲ. 48 ಎಂದರೆ ಈ ಸೂಚನೆ ಮೊದಲೇ ದಾಖಲಾಗಿದೆ, ಅಂದರೆ ಒಳ್ಳೆಯ ಸುದ್ದಿ. 49 ಎಂದರೆ ಪ್ರವೇಶ ನಿರಾಕರಣೆ.

17 ಬಂದು, ಕೊಂಡಿ ಸರಿಯಾಗಿಯೇ ಇದೆ ಎಂದಾದರೆ ಕ್ಯಾಶ್ ನೋಡಿ. ಕ್ಯಾಶ್ ಎಂದರೆ ವೇಗಕ್ಕಾಗಿ ಕಾದಿಟ್ಟ ಪುಟದ ಹಳೆಯ ಪ್ರತಿ. ತಾಳೆ ನೋಡಲು ಬಂದ ಸರ್ವರ್‌ಗೆ ಕೊಂಡಿ ಸೇರಿಸುವ ಮುಂಚಿನ ಪ್ರತಿ ಸಿಕ್ಕಿರಬಹುದು.

ಹಂತ 6: ಬಂದದ್ದನ್ನು ಓದಿ, ಆಮೇಲೆ ಮಂಜೂರು ಮಾಡಿ

ಈಗ ಇನ್ನೊಂದು ತುದಿ. ವರ್ಡ್‌ಪ್ರೆಸ್‌ನ ಪೂರ್ವನಿಯೋಜಿತ ವ್ಯವಸ್ಥೆಯಲ್ಲಿ ಬಂದ ಸೂಚನೆಗಳು ಪ್ರತಿಕ್ರಿಯೆಗಳ ಪಟ್ಟಿಯಲ್ಲಿ ಮಂಜೂರಾತಿಗೆ ಕಾಯುತ್ತವೆ. ಈ ತಡೆಯನ್ನು ತೆಗೆಯಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿಯೊಂದನ್ನೂ ಹೀಗೆ ಪರಿಶೀಲಿಸಿ: ಕಳಿಸಿದವರ ಪುಟ ತೆರೆಯಿರಿ. ನಿಮ್ಮ ಬರಹದ ಕೊಂಡಿ ಕಣ್ಣಿಗೆ ಕಾಣುತ್ತದೆಯೇ? ಸುತ್ತಲಿನ ಬರವಣಿಗೆ ಮನುಷ್ಯರು ಬರೆದಂತಿದೆಯೇ? ಅಥವಾ ನಿಮ್ಮದೇ ಲೇಖನದ ಸಾಲುಗಳನ್ನು ಎತ್ತಿ ತಂದು ಜಾಹೀರಾತುಗಳ ನಡುವೆ ಅಂಟಿಸಿದ್ದಾರೆಯೇ? ಇತ್ತೀಚೆಗೆ ಹೆಚ್ಚಾಗಿ ಎದುರಾಗುವುದು ಈ ಕೊನೆಯ ಬಗೆ. ಲೇಖನದೊಳಗೆ ನಿಮ್ಮ ಹಳೆಯ ಬರಹಗಳಿಗೆ ಕೊಂಡಿಗಳಿದ್ದರೆ ನಕಲಿನ ಜೊತೆ ಅವೂ ಹೋಗಿರುತ್ತವೆ, ಆದ್ದರಿಂದ ಕಳ್ಳ ನಕಲೇ ನಿಮಗೆ ಪಿಂಗ್‌ಬ್ಯಾಕ್ ಕಳಿಸುತ್ತದೆ. ಅದನ್ನು ಮಂಜೂರು ಮಾಡಬೇಡಿ. ಆದರೆ ಅಳಿಸುವ ಮೊದಲು ಆ ಪುಟದ ವಿಳಾಸ ಬರೆದಿಟ್ಟುಕೊಳ್ಳಿ, ನಕಲಿನ ಬಗ್ಗೆ ದೂರು ಕೊಡಲು ಬೇಕಾಗುತ್ತದೆ.

ಅನುಮಾನಾಸ್ಪದ ಪುಟವನ್ನು ತೆರೆಯಲು ಧೈರ್ಯ ಬಾರದಿದ್ದರೆ ತೆರೆಯಲೇಬೇಡಿ, ಸ್ಪ್ಯಾಮ್ ಎಂದು ಗುರುತಿಸಿ. ಅಕಿಸ್ಮೆಟ್‌ನಂಥ ಸ್ಪ್ಯಾಮ್ ತಡೆಯುವ ಪ್ಲಗಿನ್‌ಗಳು ಸೂಚನೆಗಳನ್ನೂ ಜರಡಿ ಹಿಡಿಯುತ್ತವೆ. ಜರಡಿಯಲ್ಲಿ ಕಾಳೂ ಹೋಗಬಹುದು, ಹಾಗಾಗಿ ಸ್ಪ್ಯಾಮ್ ಪಟ್ಟಿಯನ್ನು ವಾರಕ್ಕೊಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

"ಸೂಚನೆ ಮಂಜೂರಾದರೆ ಹುಡುಕಾಟ ಎಂಜಿನ್‌ನಲ್ಲಿ ನನ್ನ ತಾಣ ಮೇಲೇರುತ್ತದೆಯೇ?" ಎಂದೂ ಕೇಳುತ್ತಾರೆ. ಇಲ್ಲ. 2005ರ ಜನವರಿಯಲ್ಲಿ ಗೂಗಲ್, ಯಾಹೂ ಮತ್ತು ಎಂಎಸ್‌ಎನ್ ಒಟ್ಟಾಗಿ ನೋಫಾಲೋ ಎಂಬ ಗುರುತನ್ನು ಬೆಂಬಲಿಸತೊಡಗಿದವು. ಈ ಕೊಂಡಿಯನ್ನು ತಾಣದವರ ಶಿಫಾರಸು ಎಂದು ಎಣಿಸಬೇಡ ಎಂದು ಅದು ಹುಡುಕಾಟ ಎಂಜಿನ್‌ಗೆ ಹೇಳುತ್ತದೆ. ಪ್ರತಿಕ್ರಿಯೆ, ಪಿಂಗ್‌ಬ್ಯಾಕ್‌ಗಳ ಕೊಂಡಿಗೆ ವರ್ಡ್‌ಪ್ರೆಸ್ ಈ ಗುರುತನ್ನು ತಾನೇ ಹಾಕುತ್ತದೆ. ನಿಮಗೆ ಸಿಗುವುದು ಓದುಗರು. ಬರೆಯುವವರಿಗೆ ಬೇಕಾದದ್ದೂ ಅವರೇ.

ನಿಮ್ಮದೇ ಹಳೆಯ ಬರಹಕ್ಕೆ ಕೊಂಡಿ ಕೊಟ್ಟಾಗ ನಿಮಗೆ ನೀವೇ ಪಿಂಗ್ ಕಳಿಸಿಕೊಂಡಂತಾಗುತ್ತದೆ. ಇದು ದೋಷವಲ್ಲ, ಆದರೆ ಪಟ್ಟಿ ತುಂಬುತ್ತದೆ. ತಾಣದ ಹೆಸರು ಬಿಟ್ಟು ಓರೆಗೆರೆಯಿಂದಲೇ ಶುರುವಾಗುವ ಅರ್ಧ ವಿಳಾಸ ಕೊಡಿ ಎಂಬ ಸಲಹೆ ಚಾಲ್ತಿಯಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. ಫೀಡ್ ಮೂಲಕ, ಅಂದರೆ ಹೊಸ ಬರಹಗಳನ್ನು ತರಿಸಿಕೊಂಡು ಬೇರೆ ತಂತ್ರಾಂಶದಲ್ಲಿ, ಓದುವವರಲ್ಲಿ ಅಂಥ ಕೊಂಡಿಗಳು ಮುರಿಯುತ್ತವೆ. ಸ್ವಂತ ಪಿಂಗ್ ತಡೆಯುವ ಚಿಕ್ಕ ಪ್ಲಗಿನ್‌ಗಳು ಇವೆ, ಅವನ್ನು ಬಳಸಿ. ಅಥವಾ ಬಂದದ್ದನ್ನು ಅಳಿಸಿ.

ಭದ್ರತೆಯ ಬಗ್ಗೆ ಒಂದು ಗಂಭೀರ ಮಾತು. ಪಿಂಗ್‌ಬ್ಯಾಕ್ ಬಂದಾಗ ನಿಮ್ಮ ಸರ್ವರ್ ಇನ್ನೊಂದು ಪುಟವನ್ನು ನೋಡಲು ಹೋಗುತ್ತದೆಯಲ್ಲ, ಅದನ್ನೇ ದುರುಪಯೋಗ ಮಾಡಬಹುದು. ಸಾವಿರಾರು ಬ್ಲಾಗುಗಳಿಗೆ ಸುಳ್ಳು ಪಿಂಗ್ ಕಳಿಸಿ, ಅವೆಲ್ಲವೂ ಒಂದೇ ತಾಣಕ್ಕೆ ಮುಗಿಬೀಳುವಂತೆ ಮಾಡುವುದು ಆ ಉಪಾಯ. 2014ರ ಮಾರ್ಚ್‌ನಲ್ಲಿ ಭದ್ರತಾ ಸಂಸ್ಥೆ ಸುಕುರಿ ವರದಿ ಮಾಡಿದ ಇಂಥ ಒಂದು ದಾಳಿಯಲ್ಲಿ 1,62,000ಕ್ಕೂ ಹೆಚ್ಚು ವರ್ಡ್‌ಪ್ರೆಸ್ ತಾಣಗಳು, ಮಾಲೀಕರಿಗೆ ಅರಿವಿಲ್ಲದೆಯೇ, ಬಳಕೆಯಾಗಿದ್ದವು. ಆದ್ದರಿಂದ ವರ್ಡ್‌ಪ್ರೆಸ್ಸನ್ನು ಸದಾ ಹೊಸ ಆವೃತ್ತಿಯಲ್ಲಿಡಿ. ಸೂಚನೆಗಳು ನಿಮಗೆ ಬೇಡವೇ ಬೇಡ ಎಂದಾದರೆ ಪಡೆಯುವ ಬಾಗಿಲು ಮುಚ್ಚಿಬಿಡಿ.

ಈ ಕಾರಣಕ್ಕೇ ಭದ್ರತಾ ಪ್ಲಗಿನ್‌ಗಳು ಪಿಂಗ್‌ಬ್ಯಾಕ್ ಬರುವ ಎಕ್ಸ್‌ಎಂಎಲ್-ಆರ್‌ಪಿಸಿ ಎಂಬ ಕಡತವನ್ನೇ ಪೂರ್ತಿ ತಡೆಯುತ್ತವೆ. ಹಾಗೆ ತಡೆದರೆ ನಿಮಗೆ ಪಿಂಗ್‌ಬ್ಯಾಕ್ ಬರುವುದಿಲ್ಲ, ನೀವು ಕಳಿಸುವುದಕ್ಕೆ ತೊಂದರೆಯಿಲ್ಲ. ಆದರೆ ಜೆಟ್‌ಪ್ಯಾಕ್‌ನಂಥ ಪ್ಲಗಿನ್‌ಗಳೂ ಅದೇ ಕಡತವನ್ನು ನೆಚ್ಚಿಕೊಂಡಿವೆ. ಯಾರೋ ಹೇಳಿದರೆಂದು ತಡೆಯುವ ಮೊದಲು ನಿಮ್ಮ ತಾಣದಲ್ಲಿ ಏನೇನು ಅದನ್ನು ಬಳಸುತ್ತಿದೆ ಎಂದು ನೋಡಿಕೊಳ್ಳಿ.

ಹಂತ 7: ವರ್ಡ್‌ಪ್ರೆಸ್ ಇಲ್ಲದವರು ವೆಬ್‌ಮೆನ್ಷನ್ ಹಾಕಿಕೊಳ್ಳಿ

ಗೂಗಲ್‌ನ ಬ್ಲಾಗರ್ ಸೇವೆಯಲ್ಲಿ ಬರೆಯುವವರಿಗೆ ಟ್ರ್ಯಾಕ್‌ಬ್ಯಾಕ್ ಇಲ್ಲ. ಬರೀ ಎಚ್‌ಟಿಎಂಎಲ್ ಕಡತಗಳಲ್ಲಿ ತಾಣ ಕಟ್ಟಿದವರಿಗೂ ಸೂಚನೆ ಪಡೆಯಲು ಸರ್ವರ್ ಪ್ರೋಗ್ರಾಂ ಇರುವುದಿಲ್ಲ. ಇಬ್ಬರಿಗೂ ವೆಬ್‌ಮೆನ್ಷನ್ ದಾರಿ ಇದೆ. ವೆಬ್‌ಮೆನ್ಷನ್ ಡಾಟ್ ಐಒ ಎಂಬ ಸೇವೆ ನಿಮ್ಮ ಪರವಾಗಿ ಸೂಚನೆಗಳನ್ನು ಪಡೆದು ಇಟ್ಟುಕೊಳ್ಳುತ್ತದೆ. ನಿಮ್ಮ ತಾಣದ ವಿಳಾಸದಿಂದ ಅಲ್ಲಿ ಲಾಗಿನ್ ಆಗಿ, ಅದು ಕೊಡುವ ಲಿಂಕ್ ಟ್ಯಾಗ್ ಸಾಲನ್ನು ನಿಮ್ಮ ಪುಟಗಳ ತಲೆಭಾಗಕ್ಕೆ ಸೇರಿಸಿ. ತಲೆಭಾಗ ಎಂದರೆ ಎಚ್‌ಟಿಎಂಎಲ್‌ನ ಹೆಡ್; ಬ್ಲಾಗರ್‌ನಲ್ಲಾದರೆ ಥೀಮ್‌ನ ಎಚ್‌ಟಿಎಂಎಲ್ ತಿದ್ದುವ ಪುಟದಲ್ಲಿ ಸಿಗುತ್ತದೆ. ತಿದ್ದುವ ಮುನ್ನ ಥೀಮ್‌ನ ಒಂದು ಪ್ರತಿ ಉಳಿಸಿಕೊಳ್ಳಿ.

ಇಷ್ಟು ಮಾಡಿದರೆ ಸೂಚನೆ ಬರುತ್ತದೆ, ಆದರೆ ನಿಮ್ಮ ಬರಹದ ಕೆಳಗೆ ತಾನಾಗಿ ಕಾಣುವುದಿಲ್ಲ. ಕಾಣಿಸಲು ಪ್ರತ್ಯೇಕ ಸ್ಕ್ರಿಪ್ಟ್ ಬೇಕು. ಆರಂಭದಲ್ಲಿ ಅದರ ಗೋಜಿಗೆ ಹೋಗಬೇಡಿ. ಬಂದ ಸೂಚನೆಗಳನ್ನು ಓದಿ, ಒಳ್ಳೆಯ ಉತ್ತರ ಕಂಡಾಗ ನಿಮ್ಮ ಬರಹದ ಕೊನೆಗೆ ನೀವೇ ಕೈಯಾರೆ ಒಂದು ಸಾಲು ಸೇರಿಸಿ. ಓದುಗರಿಗೆ ಅದು ಯಂತ್ರ ತಂದು ಇಟ್ಟ ಅರ್ಧ ವಾಕ್ಯಕ್ಕಿಂತ ಹೆಚ್ಚು ಉಪಯುಕ್ತ.

ಕಳಿಸುವುದಕ್ಕೆ ಎಲ್ಲಕ್ಕಿಂತ ಸುಲಭವಾದ ವಿಧಾನ ಇದು: ವೆಬ್‌ಮೆನ್ಷನ್ ಒಪ್ಪುವ ಎಷ್ಟೋ ತಾಣಗಳು ಬರಹದ ಕೆಳಗೇ ಒಂದು ಪೆಟ್ಟಿಗೆ ಇಟ್ಟಿರುತ್ತವೆ. ನಿಮ್ಮ ಉತ್ತರ ಬರಹದ ವಿಳಾಸವನ್ನು ಅದರಲ್ಲಿ ಅಂಟಿಸಿ ಕಳಿಸಿದರಾಯಿತು. ವರ್ಡ್‌ಪ್ರೆಸ್‌ನವರು ವೆಬ್‌ಮೆನ್ಷನ್ ಪ್ಲಗಿನ್ ಹಾಕಿಕೊಂಡರೆ ಕಳಿಸುವುದು, ಪಡೆಯುವುದು ಎರಡೂ ತಾನಾಗಿ ನಡೆಯುತ್ತವೆ.

ಹಂತ 8: ಬರಹ ಅಳಿಸಿದಾಗ, ವಿಳಾಸ ಬದಲಾದಾಗ

ಟ್ರ್ಯಾಕ್‌ಬ್ಯಾಕ್ ಮತ್ತು ಪಿಂಗ್‌ಬ್ಯಾಕ್‌ಗಳಲ್ಲಿ ಕಳಿಸಿದ್ದನ್ನು ಹಿಂಪಡೆಯುವ ದಾರಿ ಇಲ್ಲ. ನೀವು ಬರಹ ಅಳಿಸಿದರೂ ಅವರ ಪುಟದಲ್ಲಿ ಸತ್ತ ಕೊಂಡಿ ಉಳಿದಿರುತ್ತದೆ. ವೆಬ್‌ಮೆನ್ಷನ್‌ನಲ್ಲಿ ಇದಕ್ಕೆ ವ್ಯವಸ್ಥೆ ಇದೆ: ಬರಹ ತಿದ್ದಿದ ಮೇಲೆ ಅದೇ ಎರಡು ವಿಳಾಸಗಳನ್ನು ಮತ್ತೆ ಕಳಿಸಿದರೆ ಆ ಕಡೆ ಹೊಸ ರೂಪ ಬರುತ್ತದೆ, ಬರಹ ಅಳಿಸಿ, ಆ ವಿಳಾಸದಲ್ಲಿ 410 ಎಂಬ ಉತ್ತರ ಬರುವಂತೆ ಮಾಡಿ ಮತ್ತೆ ಕಳಿಸಿದರೆ ಸೂಚನೆಯನ್ನು ತೆಗೆದುಹಾಕಬೇಕೆಂದು ಆ ಕಡೆಗೆ ತಿಳಿಯುತ್ತದೆ. 410 ಎಂದರೆ ಇದನ್ನು ಬೇಕೆಂದೇ ತೆಗೆಯಲಾಗಿದೆ ಎಂದು ಸರ್ವರ್ ಹೇಳುವ ಸಂಕೇತ.

ಬರಹದ ಸ್ಲಗ್ ಮಾತ್ರ ಬದಲಾಯಿಸಿದರೆ ವರ್ಡ್‌ಪ್ರೆಸ್ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ತಾನೇ ಕರೆದೊಯ್ಯುತ್ತದೆ. ಇಡೀ ಬ್ಲಾಗನ್ನು ಬೇರೆ ತಾಣಕ್ಕೆ ಸಾಗಿಸಿದರೆ ಹಾಗಾಗುವುದಿಲ್ಲ. ಹಳೆಯ ತಾಣದಲ್ಲಿ 301, ಅಂದರೆ ಶಾಶ್ವತ ವಿಳಾಸ ಬದಲಾವಣೆಯ ನಿರ್ದೇಶನ, ಹಾಕಿಡಿ. ಹೊಸ ವಿಳಾಸದಿಂದ ಎಲ್ಲರಿಗೂ ಮತ್ತೆ ಪಿಂಗ್ ಕಳಿಸಲು ಹೋಗಬೇಡಿ, ಆ ಕಡೆ ಅದು ಹೊಸ ಸೂಚನೆಯಾಗಿ ದಾಖಲಾಗಿ ಒಂದೇ ಬರಹ ಎರಡು ಸಲ ಕಾಣುತ್ತದೆ. ಈಗಾಗಲೇ ಹಾಗೆ ಆಗಿದ್ದರೆ ಆ ಬ್ಲಾಗಿಗರಿಗೆ ಹಳೆಯ ಮತ್ತು ಹೊಸ ವಿಳಾಸ ಎರಡನ್ನೂ ಕೊಟ್ಟು, ಹಳೆಯದನ್ನು ಅಳಿಸುವಂತೆ ಒಂದು ಇಮೇಲ್ ಬರೆಯಿರಿ.